ಬರೀ ಹಬೆ ಎಂದೆಯಲ್ಲ

ಸಾಗರ,
ಭಾನುವಾರ ಬೆಳಿಗ್ಗೆ

ಚಿ. ಪ್ರಣವನಿಗೆ ನಿನ್ನ ಅಜ್ಜ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ರೂಢಿಯಂತೆ ಉಭಯ ಕುಶಲ ಎಂದು ಬರೆದುಬಿಟ್ಟೆ. ನಿನ್ನ ಕಡೆಯ ಕುಶಲದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ, ಅಪ್ಪೀ. ಗುರುವಾರ ರಾತ್ರಿ ಅಮ್ಮಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವನು ನಡುವೆ "ಸ್ಸ್" ಎಂದು ಉಸಿರೆಳೆದುಕೊಂಡೆ. ಏನಾಯ್ತೋ ಎಂದು ಅವಳು ಗಾಬರಿಯಿಂದ ಕೇಳಿದರೆ, "ಏನಿಲ್ಲ ಅಮ್ಮಮ್ಮ, ಚಮಚದಲ್ಲಿ ಕುಕ್ಕರಿನ ವೆಯ್ಟ್ ಎತ್ತಿದೆ, ಬರೀ ಹಬೆ ತಾಗಿತು" ಅಂದೆ. ರೂಮಿನ ಹುಡುಗರು ಊಟಕ್ಕೆ ಕಾಯುತ್ತಿದ್ದಾರೆ ಅಂತ ಫೋನೂ ಇಟ್ಟೆ. ಮಾರನೆಯ ದಿನ ನೀನು ಕಳಿಸಿದ ಫೋಟೋ ನೋಡಿದೆ. ಮಣಿಕಟ್ಟಿನ ಮೇಲೆ ಕೆಂಪು, ಅದರ ನಡುವೆ ಎರಡು ಬೊಬ್ಬೆ. ಕೂಡಲೇ ಡಾಕ್ಟರಿಗೆ ತೋರಿಸು ಎಂದು ನಾನು ಗದರಿಸಿದ ಮೇಲೆ ಹೋಗಿ ಬಂದಿದ್ದೀಯಂತೆ. ಒಳ್ಳೆಯದಾಯಿತು. ಪುಣೆಯಲ್ಲಿ ನಿನ್ನ ಕಿವಿ ಹಿಂಡುವವರು ಯಾರೂ ಇಲ್ಲ ಅಂದುಕೊಂಡಿದ್ದೆ. ಫೋನಿನಲ್ಲೂ ಹಿಂಡಬಹುದು ಅಂತ ಗೊತ್ತಾಯಿತು.

ಆದರೆ ಆ "ಬರೀ" ಅನ್ನುವ ಮಾತು ಮೂರು ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಎಣ್ಣೆ ಸಿಡಿದಿದ್ದರೆ, ಬೆಂಕಿ ತಾಗಿದ್ದರೆ ನೀನು ಬರೀ ಎಣ್ಣೆ, ಬರೀ ಬೆಂಕಿ ಅನ್ನುತ್ತಿರಲಿಲ್ಲ. ಹಬೆ ಅಂದರೆ ಏನೋ ಗಾಳಿಯಂಥದ್ದು, ಹಗುರದ್ದು, ಊದಿದರೆ ಹೋಗುವಂಥದ್ದು ಎಂದು ನಿನ್ನ ಭಾವನೆ. ನನ್ನ ಭಾವನೆಯೂ ಬಹಳ ಕಾಲ ಹಾಗೇ ಇತ್ತು. ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದ ಮೇಲೂ ಇತ್ತು ಎಂಬುದನ್ನು ನಿನಗೆ ಹೇಳಿಕೊಳ್ಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಹೊರಟರೆ ನೀನು ಐದು ನಿಮಿಷಕ್ಕೆ "ಅಜ್ಜ, ಮೀಟಿಂಗ್ ಇದೆ" ಅನ್ನುತ್ತೀಯ.

ಇಲ್ಲಿ ಮಳೆ ಹಿಡಿದು ಹನ್ನೊಂದು ದಿನವಾಯಿತು. ಕರೆಂಟು ಬಂದರೆ ಬಂತು. ಅಮ್ಮಮ್ಮ ಹಿತ್ತಲಿನ ಕೆಸುವಿನ ಎಲೆ ಕೊಯ್ದು ಪತ್ರೊಡೆಗೆ ಹಚ್ಚಿ ಸುತ್ತುತ್ತಿದ್ದಾಳೆ. ಇನ್ನು ಅರ್ಧ ಗಂಟೆಗೆ ಅಡಿಗೆಮನೆಯ ಗವಾಕ್ಷಿಯಲ್ಲಿ ಬಿಳೀ ಹೊಗೆಯಂತೆ ಹಬೆ ಏಳುತ್ತದೆ. ಹೊಗೆಗೂ ಹಬೆಗೂ ಈ ಮನೆಯಲ್ಲಿ ಬರವಿಲ್ಲ. ನಾನು ಹುಟ್ಟಿ ಬೆಳೆದದ್ದೇ ಅದರ ನಡುವೆ. ಬೆಳಿಗ್ಗೆ ಎದ್ದರೆ ಬಚ್ಚಲ ಹಂಡೆಯ ಹಬೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಅಂಗಳದ ಒಲೆಯ ಮೇಲೆ ಅಡಿಕೆ ಬೇಯುವ ತಾಮ್ರದ ಹಂಡೆಯ ಹಬೆ. ರಾತ್ರಿ ಚಳಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ದೊಡ್ಡವರು ಅಡಿಕೆ ಸುಲಿಯುತ್ತಿದ್ದರೆ ಹುಡುಗರಾದ ನಾವು ಆ ಹಂಡೆಯ ಬಿಳೀ ಹಬೆಯೊಳಗೆ ಮುಖವಿಟ್ಟು, ಚೊಗರಿನ ವಾಸನೆ ಕುಡಿದು, ಬೆಚ್ಚಗಾಗಿ ಬರುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಹಬೆ ಸಾಧು ಪ್ರಾಣಿ ಎಂದು ನನ್ನ ಮನಸ್ಸಿಗೆ ಅಂದೇ ಕೂತುಬಿಟ್ಟಿತು.

ನಾವು ಮುಖವಿಟ್ಟದ್ದು ಹಬೆಯೊಳಗೆ ಅಲ್ಲವೇ ಅಲ್ಲ. ಅದು ಗೊತ್ತಾಗುವ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಬೆಳ್ಳಗೆ ಕಾಣುವುದು ಹಬೆ ತಣಿದು ಆದ ನೀರಿನ ಸಣ್ಣ ಸಣ್ಣ ಹನಿ, ಜೋಗದ ಗುಂಡಿಯಿಂದ ಮೇಲೇಳುವ ತುಂತುರಿನ ಜಾತಿಯದೇ. ಹನಿಯಾಗುವಾಗಲೇ ಅದು ತನ್ನ ಶಾಖದ ಬಹುಪಾಲನ್ನು ಸುತ್ತಲಿನ ಗಾಳಿಗೆ ಕೊಟ್ಟು ಕೈ ತೊಳೆದುಕೊಂಡಿರುತ್ತದೆ. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಅನುಮಾನವಿದ್ದರೆ ಕೆಟಲಿನಲ್ಲಿ ನೀರು ಕುದಿಯುವಾಗ ದೂರದಿಂದ ನೋಡು, ಮೂತಿಯ ತುದಿಗೂ ಬಿಳೀ ಮೋಡಕ್ಕೂ ನಡುವೆ ಒಂದು ಬೆರಳಿನಷ್ಟು ಖಾಲಿ ಜಾಗ ಇರುತ್ತದೆ. ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಹಬೆ ಇರುವುದು ಆ ಏನೂ ಇಲ್ಲದ ಜಾಗದಲ್ಲೇ. ನಿನ್ನ ಮಣಿಕಟ್ಟು ಹೋದದ್ದೂ ಅಲ್ಲಿಗೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿದ್ದ. ಒತ್ತಡದ ಕೊಳವೆಯಲ್ಲಿ ಎಲ್ಲಾದರೂ ಸೋರಿದರೆ ಕಿವಿ ಗುಯ್‌ಗುಡುವಷ್ಟು ಸದ್ದು ಬರುತ್ತದಂತೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲವಂತೆ. ಹಿಂದಿನ ಕಾಲದ ಕೆಲಸಗಾರರು ಪೊರಕೆಯೊಂದನ್ನು ಮುಂದೆ ಚಾಚಿಕೊಂಡು ಹೆಜ್ಜೆ ಇಡುತ್ತಿದ್ದರಂತೆ. ಪೊರಕೆಯ ಕಡ್ಡಿ ಎಲ್ಲಿ ಕತ್ತರಿಸಿ ಹಾರುತ್ತದೋ ಅಲ್ಲಿ ತೂತು. ಅವನು ಇದನ್ನು ನಗುತ್ತಾ ಹೇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇರಲಿ. ಹಬೆಯೊಳಗೆ ಏನು ಅಡಗಿರುತ್ತದೆ ಎಂಬುದನ್ನು ಮೊದಲು ಸರಿಯಾಗಿ ಅಳೆದವನು ನನ್ನ ಹಾಗೆ ಒಬ್ಬ ಮೇಷ್ಟ್ರು, ಜೋಸೆಫ್ ಬ್ಲ್ಯಾಕ್ ಅಂತ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದ. 1762ರ ಸುಮಾರಿಗೆ ಅವನು ಮಾಡಿದ ಪ್ರಯೋಗ ನಮ್ಮ ಬಚ್ಚಲ ಒಲೆಯ ಮುಂದೆಯೂ ಮಾಡಬಹುದಾದಷ್ಟು ಸರಳ. ಕೆಂಪಗೆ ಕಾದ ಕಬ್ಬಿಣದ ತಗಡಿನ ಮೇಲೆ ಚಪ್ಪಟೆ ಪಾತ್ರೆಯಲ್ಲಿ ತಣ್ಣೀರು ಇಟ್ಟ. ನಾಲ್ಕು ನಿಮಿಷಕ್ಕೆ ಕುದಿ ಬಂತು. ಬೆಂಕಿ ಹಾಗೇ ಇತ್ತು, ನೀರು ಕುದಿಯುತ್ತಲೇ ಇತ್ತು, ಆದರೆ ಅದು ಪೂರ್ತಿ ಆರಿ ಪಾತ್ರೆ ಒಣಗಬೇಕಾದರೆ ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವೂ ಥರ್ಮಾಮೀಟರಿನ ಪಾದರಸ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಹಾಗಾದರೆ ಅಷ್ಟು ಹೊತ್ತು ಸುರಿದ ಶಾಖ ಎಲ್ಲಿ ಹೋಯಿತು? ಹಬೆಯ ಜೊತೆ ಅಡಗಿಕೊಂಡು ಹೋಯಿತು ಎಂದ ಬ್ಲ್ಯಾಕ್. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಗುಪ್ತೋಷ್ಣ ಎಂಬ ಚಂದದ ಹೆಸರಿದೆ. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದ ಜೇಮ್ಸ್ ವಾಟನಿಗೂ ಇದೇ ಒಗಟು ಎದುರಾಗಿತ್ತು. ಒಂದು ಪಾಲು ನೀರಿನಿಂದ ಎದ್ದ ಹಬೆಯನ್ನು ತಣ್ಣೀರಿಗೆ ಬಿಟ್ಟರೆ ಹೆಚ್ಚುಕಡಿಮೆ ಆರು ಪಾಲು ನೀರು ಕುದಿಯುವ ಮಟ್ಟಕ್ಕೆ ಬರುತ್ತಿತ್ತು. ಇದು ಹೇಗೆ ಸಾಧ್ಯ ಎಂದು ತಲೆ ಕೆಡಿಸಿಕೊಂಡು ಅವನು ಹೋದದ್ದು ಬ್ಲ್ಯಾಕ್ ಹತ್ತಿರ. ಬ್ಲ್ಯಾಕ್ ಇದನ್ನು ಅಚ್ಚು ಹಾಕಿಸುವ ಗೋಜಿಗೇ ಹೋಗದೆ ಕ್ಲಾಸಿನಲ್ಲಿ ಹುಡುಗರಿಗೆ ಹೇಳಿಕೊಂಡು ಇದ್ದುಬಿಟ್ಟಿದ್ದ. ಅವನ ಪಾಠಗಳು ಪುಸ್ತಕವಾದದ್ದು ಅವನು ಸತ್ತ ಮೇಲೆ, 1803ರಲ್ಲಿ. ನನಗೆ ಆ ಮನುಷ್ಯ ಇಷ್ಟವಾಗುವುದು ಅದಕ್ಕೇ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಒಂದು ಗ್ರಾಂ ಕುದಿನೀರು ನಿನ್ನ ಕೈಮೇಲೆ ಬಿದ್ದು 100 ಡಿಗ್ರಿಯಿಂದ ಮೈಯ ಬಿಸಿಯಾದ 37ಕ್ಕೆ ಇಳಿಯುವಾಗ ಕೊಡುವುದು 63 ಕ್ಯಾಲೊರಿ ಶಾಖ. (ಬಿಸ್ಕತ್ತಿನ ಪೊಟ್ಟಣದ ಹಿಂದೆ ನೀನು ಓದುವ ಕ್ಯಾಲೊರಿ ಇದರ ಸಾವಿರ ಪಟ್ಟು, ಅದು ಬೇರೆ ಕಥೆ.) ಅದೇ ಒಂದು ಗ್ರಾಂ ಹಬೆ, ಅದೇ 100 ಡಿಗ್ರಿಯದು, ಕೈಗೆ ತಾಗಿ ನೀರಾದರೆ ಮೊದಲು 540 ಕ್ಯಾಲೊರಿ ಇಳಿಸುತ್ತದೆ. ಆಮೇಲೆ ಆ ನೀರು ತಣಿಯುವಾಗ ಮತ್ತೆ 63. ಒಟ್ಟು 603, ಅಂದರೆ ಸುಮಾರು ಒಂಬತ್ತೂವರೆ ಪಟ್ಟು. ಥರ್ಮಾಮೀಟರಿನ ಕಣ್ಣಿಗೆ ಎರಡೂ ಒಂದೇ.

ನಿನಗೆ ಸೊಸೈಟಿಯ ಠೇವಣಿ ಗೊತ್ತಲ್ಲ. ಅಡಿಕೆ ಮಾರಿದ ದುಡ್ಡನ್ನು ನನ್ನ ಅಪ್ಪ ಸ್ವಲ್ಪ ಸ್ವಲ್ಪವೇ ಇಟ್ಟು ಬೆಳೆಸುತ್ತಿದ್ದರು. ಕಿಸೆ ನೋಡಿದರೆ ಬಡವರೇ. ಆದರೆ ನಿನ್ನ ದೊಡ್ಡಜ್ಜಿಯ ಮದುವೆಗೆ ಒಂದೇ ಬೆಳಿಗ್ಗೆ ಅಷ್ಟನ್ನೂ ಬಿಡಿಸಿಕೊಂಡು ಬಂದು ಚಾಪೆಯ ಮೇಲೆ ಸುರಿದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಹಬೆಯದೂ ಅದೇ ಕಥೆ. ಒಲೆಯ ಮೇಲೆ ನಿಧಾನವಾಗಿ ಇಟ್ಟ ಠೇವಣಿಯನ್ನು ನಿನ್ನ ಮಣಿಕಟ್ಟಿನ ಮೇಲೆ ಒಂದೇ ಕ್ಷಣದಲ್ಲಿ ಸುರಿಯುತ್ತದೆ.

ಸುರಿದು ಸುಮ್ಮನಾಗುವುದೂ ಇಲ್ಲ. ಒಂದು ಗ್ರಾಂ ಹಬೆ ಸುಮಾರು 1.7 ಲೀಟರ್ ಜಾಗ ಹಿಡಿದಿರುತ್ತದೆ. ಕೈಗೆ ತಾಗಿ ನೀರಾದ ಕೂಡಲೇ ಅಷ್ಟು ಜಾಗ ಖಾಲಿ. ಸಂತೆಯ ದಿನ ಬಸ್ಸಿನಲ್ಲಿ ಒಬ್ಬ ಏಳುವುದನ್ನೇ ಕಾದು ಇನ್ನೊಬ್ಬ ಕೂರುವ ಹಾಗೆ ಹಿಂದಿನ ಹಬೆ ಅಲ್ಲಿಗೆ ನುಗ್ಗುತ್ತದೆ, ಅದೂ ನೀರಾಗುತ್ತದೆ, ಅದರ ಹಿಂದಿನದು ಬರುತ್ತದೆ. ಚರ್ಮ ತನಗಿಂತ ತಣ್ಣಗಿರುವ ತನಕ ಹಬೆ ಅಲ್ಲಿ ನೀರಾಗುತ್ತಲೇ ಇರುತ್ತದೆ. ಕಡುಬು ಅಷ್ಟು ಬೇಗ ಬೇಯುವುದರ ಗುಟ್ಟೂ ಇದೇ. ಪಾತ್ರೆಯೊಳಗಿನ ಹಬೆಗೆ ಕಡುಬಿಗೂ ಕೈಗೂ ವ್ಯತ್ಯಾಸ ಗೊತ್ತಿಲ್ಲ, ಎರಡೂ ಅದಕ್ಕೆ ತಣ್ಣಗಿನ ವಸ್ತುಗಳೇ. ಹಬೆಯನ್ನು ಬೈಯುವುದಕ್ಕೂ ಬರುವುದಿಲ್ಲ ನೋಡು, ಬೆಳಿಗ್ಗೆ ತಿಂದದ್ದು ಅದರ ಕೃಪೆಯಿಂದಲೇ.

ಪೇಟೆಯ ಬೇಕರಿಯಲ್ಲಿ ಬ್ರೆಡ್ಡಿನ ಭಟ್ಟಿ ನೋಡಿದ್ದೀಯಲ್ಲ, ಅಲ್ಲಿ ಒಳಗಿನ ಗಾಳಿ 200 ಡಿಗ್ರಿ ದಾಟಿರುತ್ತದೆ. ಆದರೂ ಅವರು ಕೈ ಚಾಚಿ ತಟ್ಟೆ ಸರಿಸಿ ಹಿಂದೆ ತೆಗೆಯುತ್ತಾರೆ. ಲೋಹಕ್ಕೆ ತಾಗದಿದ್ದರೆ ಕ್ಷಣಹೊತ್ತು ಏನೂ ಆಗುವುದಿಲ್ಲ. ಒಣಗಾಳಿಯ ಕಿಸೆಯಲ್ಲಿ ಠೇವಣಿ ಇಲ್ಲ, ಚರ್ಮಕ್ಕೆ ಅಂಟಿದ ಗಾಳಿಯ ತೆಳು ಪದರ ಕಂಬಳಿಯಂತೆ ಅಡ್ಡ ನಿಂತಿರುತ್ತದೆ. ಅದರ ಅರ್ಧದಷ್ಟು ಬಿಸಿಯ ಹಬೆ ನಿನಗೆ ಬೊಬ್ಬೆ ತರಿಸಿತು. ಹಾಗಂತ ಕುದಿನೀರು ಸಾಧು ಅಂದುಕೊಳ್ಳಬೇಡ ಮತ್ತೆ. ಒಂದು ಗ್ರಾಮಿಗೆ ಒಂದು ಗ್ರಾಂ ಹೋಲಿಸಿದರೆ ಹಬೆ ಘೋರ. ಒಂದು ಪಾತ್ರೆ ಕುದಿನೀರು ಮೈಮೇಲೆ ಮಗುಚಿದರೆ ಆಗುವ ಅನಾಹುತ ಬೇರೆಯೇ. ನೆಗಡಿ ಬಂದರೆ ಮಕ್ಕಳನ್ನು ಕುದಿಯುವ ಪಾತ್ರೆಯ ಮೇಲೆ ಬಗ್ಗಿಸಿ ಕಂಬಳಿ ಹೊದೆಸುವ ನಮ್ಮ ಮನೆಗಳ ಪದ್ಧತಿ ನನಗೆ ಈಗ ಕಂಡರಾಗುವುದಿಲ್ಲ. ನಿನಗೂ ಹಾಗೆ ಮಾಡಿದ್ದೇವೆ, ದೇವರು ದೊಡ್ಡವನು.

ಈಗ ಒಂದು ತಪ್ಪಿನ ವಿಷಯ. ಇದನ್ನು ನಿನ್ನ ಅಮ್ಮನಿಗೂ ನಾನು ಹೇಳಿಲ್ಲ.

ಮೇಷ್ಟ್ರಾಗಿ ನಾಲ್ಕನೆಯ ವರ್ಷ. ಹಬೆಯ ಗುಪ್ತೋಷ್ಣ ಅಳೆಯುವ ಪ್ರಯೋಗ ತೋರಿಸುತ್ತಿದ್ದೆ. ಫ್ಲಾಸ್ಕಿನಲ್ಲಿ ನೀರು ಕುದಿಸಿ, ರಬ್ಬರ್ ನಳಿಗೆಯಲ್ಲಿ ಹಬೆಯನ್ನು ತಂದು, ತಣ್ಣೀರಿನ ಪಾತ್ರೆಗೆ ಬಿಟ್ಟು, ನೀರು ಎಷ್ಟು ಕಾಯಿತು, ಎಷ್ಟು ತೂಕ ಹೆಚ್ಚಿತು ಎಂದು ನೋಡುವುದು. ನಮಗೆ ಒಮ್ಮೆಯೂ 540 ಬಂದದ್ದಿಲ್ಲ. 470 ಬರುತ್ತಿತ್ತು, 500 ಬರುತ್ತಿತ್ತು. ದಾರಿಯಲ್ಲೇ ಸ್ವಲ್ಪ ಹಬೆ ನೀರಾಗಿ ಬರುತ್ತದೆ, ಅದಕ್ಕೇ ಕಡಿಮೆ. ಆವತ್ತು ಹೇಗಾದರೂ ಸರಿ ಉತ್ತರ ಬರಿಸಬೇಕು ಎಂಬ ಹಟ ನನಗೆ. ನಳಿಗೆಯಲ್ಲಿ ನಿಂತ ನೀರನ್ನು ಮೊದಲು ಹೊರಕ್ಕೆ ಬಿಡು ಎಂದು ಮುಂದಿನ ಬೆಂಚಿನ ಹುಡುಗನ ಕೈಗೆ ಅದರ ತುದಿ ಕೊಟ್ಟೆ. ನೀರು ಬಂತು, ನಿಂತಿತು. ಏನೂ ಬರುತ್ತಿಲ್ಲ ಸಾರ್ ಎಂದು ಅವನು ತುದಿಯನ್ನು ತನ್ನತ್ತ ತಿರುಗಿಸಿಕೊಂಡು ಇನ್ನೊಂದು ಕೈಯನ್ನು ಅಡ್ಡ ಹಿಡಿದ. ಹಬೆ ಕಾಣುವುದಿಲ್ಲ ಎಂದು ಅವನಿಗೆ ನಾನು ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆದೇ ಇರಲಿಲ್ಲ.

ಅಂಗೈ ಸುಟ್ಟಿತು. ನಾನು ಮಾಡಿದ್ದೇನು ಗೊತ್ತೇ? ಮೇಜಿನ ಮೇಲಿದ್ದ ಶಾಯಿಯ ಕುಡಿಕೆ ಎತ್ತಿ ಅವನ ಅಂಗೈಗೆ ಸುರಿದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು ಎಂಬುದು ನೆಪವಾದೀತು, ಸಮಾಧಾನವಾಗಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನೀರಿನ ತೊಟ್ಟಿ ಇತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಶಾಯಿಯನ್ನು ತೊಳೆಯುವುದಕ್ಕೇ ಎಷ್ಟೋ ಹೊತ್ತು ತೆಗೆದುಕೊಂಡರು. ಕೆಳಗೆ ಎಷ್ಟು ಸುಟ್ಟಿದೆ ಎಂದು ಈ ನೀಲಿಯಲ್ಲಿ ನಾನು ಹೇಗೆ ನೋಡಲಿ ಮೇಷ್ಟ್ರೇ ಎಂದರು, ಅಷ್ಟೇ. ಹುಡುಗ ಅಳಲಿಲ್ಲ. ನಾನು ಬೈದೇನೋ ಎಂಬ ಭಯ ಅವನಿಗೆ. ಅವನೀಗ ಅಡಿಕೆ ವ್ಯಾಪಾರಿ, ಎದುರು ಸಿಕ್ಕರೆ ಸ್ಕೂಟರ್ ನಿಲ್ಲಿಸಿ ಮಾತಾಡಿಸುತ್ತಾನೆ. ನಾನು ಮಾತ್ರ ಇವತ್ತಿಗೂ ಮೊದಲು ಅವನ ಅಂಗೈ ನೋಡುತ್ತೇನೆ.

ನಿನ್ನ ಫೋಟೋ ನೋಡಿ ನನಗೆ ಅಷ್ಟು ಗಾಬರಿಯಾದದ್ದಕ್ಕೆ ಇನ್ನೊಂದು ಕಾರಣವಿದೆ. "ಮೇಲೆ ಸ್ವಲ್ಪ ಕೆಂಪಾಗಿದೆ ಅಷ್ಟೇ ಅಜ್ಜ" ಅಂದೆಯಲ್ಲ, ಆ "ಅಷ್ಟೇ" ಕೂಡ ನಂಬುವಂಥದ್ದಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಎಂಪಾ ಎಂಬ ಸಂಶೋಧನಾಲಯವಿದೆ. ಅಲ್ಲಿಯವರು 2018ರಲ್ಲಿ ಹಂದಿಯ ಚರ್ಮಕ್ಕೆ ಹಬೆ ತಾಗಿಸಿ, ಒಳಗೆ ನೀರಿನಂಶ ಹೇಗೆ ಬದಲಾಗುತ್ತದೆ ಎಂದು ನೋಡಿದರು. ಹಂದಿಯ ಚರ್ಮ ಮನುಷ್ಯರದಕ್ಕೆ ಬಹಳ ಹತ್ತಿರವಂತೆ. ಹಬೆ ಹೊರಚರ್ಮದ ಮೇಲೆ ಮಾತ್ರ ಕೂತು ನೀರಾಗುವುದಿಲ್ಲ, ಅದರ ಸೂಕ್ಷ್ಮ ರಂಧ್ರಗಳಲ್ಲಿ ತೂರಿ ಒಳಚರ್ಮದ ತನಕ ಇಳಿದು ಅಲ್ಲಿ ನೀರಾಗುತ್ತದೆ ಎಂಬುದು ಅವರು ಕಂಡದ್ದು. ನೀರು ಹನಿಯಾಗಿದ್ದಾಗ ಆ ದಾರಿಯಲ್ಲಿ ತೂರಲಾರದು. ಮೊದಲ 15 ಸೆಕೆಂಡುಗಳಲ್ಲಿ ಈ ಒಳನುಗ್ಗುವಿಕೆ ಜೋರು, ಆಮೇಲೆ ಹೊರಪದರ ಉಬ್ಬಿಕೊಂಡು ದಾರಿ ಕಿರಿದಾಗುತ್ತದೆ. ಅಷ್ಟರಲ್ಲಿ ಒಳಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಮೇಲೆ ನೋಡಿದರೆ ಕೆಂಪು, ಕೆಳಗೆ ಬೇರೆ. ಗೆದ್ದಲು ತಿಂದ ಬಾಗಿಲು ಹೊರಗಿನಿಂದ ಗಟ್ಟಿಯಾಗೇ ಕಾಣುವುದಿಲ್ಲವೇ.

ಚರ್ಮಕ್ಕೆ ತಡೆದುಕೊಳ್ಳುವ ಶಕ್ತಿಯೂ ಬಹಳ ಕಡಿಮೆ. ಅಮೆರಿಕದ ಮಾರಿಟ್ಜ್ ಮತ್ತು ಹೆನ್ರಿಕ್ವೆಸ್ ಎಂಬಿಬ್ಬರು 1947ರಲ್ಲಿ ಇದರ ಲೆಕ್ಕ ಹಾಕಿದ್ದರು. ಚರ್ಮಕ್ಕೆ 44 ಡಿಗ್ರಿಯಲ್ಲಿ ಸುಟ್ಟಗಾಯವಾಗಲು ಸುಮಾರು ಆರು ಗಂಟೆ ಬೇಕು, 60 ಡಿಗ್ರಿಯಾದರೆ ಐದು ಸೆಕೆಂಡು ಸಾಕು. ನಡುವೆ ಬರೀ ಹದಿನಾರು ಡಿಗ್ರಿ. (ಈ "ಬರೀ" ನನ್ನದು, ಮನ್ನಿಸು.)

ಇನ್ನು ನಿನ್ನ ಕುಕ್ಕರು. ಅದರ ಹಿರಿಯಜ್ಜನನ್ನು ಮಾಡಿದವನು ಡೆನಿ ಪಾಪಿನ್ ಎಂಬ ಫ್ರೆಂಚ್ ಮನುಷ್ಯ, 1679ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ಅದರಲ್ಲಿ ಎಲುಬನ್ನೂ ಮೆತ್ತಗೆ ಬೇಯಿಸಿ ತೋರಿಸಿದ. ಒಳಗಿನ ಒತ್ತಡ ಮಿತಿ ಮೀರಿದರೆ ತಾನೇ ಎದ್ದು ಹಬೆ ಬಿಡುವಂತೆ ಭಾರ ಹೇರಿದ ಬಿರಡೆಯನ್ನೂ ಅವನೇ ಇಟ್ಟ. ನಿನ್ನ ಕುಕ್ಕರಿನ ತಲೆಯ ಮೇಲೆ ಕೂತ ವೆಯ್ಟು ಆ ಬಿರಡೆಯ ಮರಿ. ಅದು ಸೀಟಿ ಹಾಕುವ ಹೊತ್ತಿಗೆ ಒಳಗಿನ ನೀರು 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಒತ್ತಡ ಮೇಲೆ ಕೂತಿರುವುದರಿಂದ ಕುದಿಯಲಾರದೆ ಸುಮ್ಮನಿರುತ್ತದೆ. ಒತ್ತಡವನ್ನು ನೀನು ಒಮ್ಮೆಗೇ ತೆಗೆದರೆ ಆ ಹೆಚ್ಚಿನ ಇಪ್ಪತ್ತು ಡಿಗ್ರಿ ಎಲ್ಲಿಗೆ ಹೋಗಬೇಕು? ನೀರಿನ ಒಂದು ಭಾಗ ಗಳಕ್ಕನೆ ಹಬೆಯಾಗಿ ಹೋಗುತ್ತದೆ. ಒಳಗೆ ಎರಡು ಲೀಟರ್ ನೀರಿದ್ದರೆ ಅದರಲ್ಲಿ ಸುಮಾರು 75 ಗ್ರಾಂ. ಒಂದು ಸಣ್ಣ ಲೋಟ ಕೂಡ ತುಂಬುವುದಿಲ್ಲ ಅನ್ನಬೇಡ. ಹಬೆಯಾಗಿ ಅದಕ್ಕೆ 120 ಲೀಟರಿಗೂ ಹೆಚ್ಚು ಜಾಗ ಬೇಕು, ನಮ್ಮ ಕೊಟ್ಟಿಗೆಯ ನೀಲಿ ಡ್ರಮ್ಮಿನ ಅರ್ಧಕ್ಕಿಂತ ಜಾಸ್ತಿ. ಅಷ್ಟೂ ಹೊರಬರುವುದು ಬೆರಳು ಹೋಗದ ತೂತಿನಿಂದ. ಅದಕ್ಕೇ ಬೇಳೆ ಛಾವಣಿಗೆ ಹಾರುವುದು. ಹಸಿವಾದರೆ ಎರಡು ಬಾಳೆಹಣ್ಣು ತಿನ್ನು, ಕುಕ್ಕರು ತಾನಾಗಿ ಇಳಿಯಲಿ.

ಇಷ್ಟೆಲ್ಲ ತಿಳಿದವನಾದ ನಾನೇ ಸುಟ್ಟುಕೊಂಡ ಕಥೆಗೆ ಬರುತ್ತೇನೆ. ನಿನ್ನ ಅಮ್ಮಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆದ ವರ್ಷ ನೀನು ಇನ್ನೂ ಚಡ್ಡಿ ಹುಡುಗ. ಒಂದು ತಿಂಗಳು ಒಲೆಯ ಮುಂದೆ ಬಗ್ಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಡಿಗೆ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಕಡುಬು ಬೇಯಿಸಲು ಇಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಕೂತವಳು ಮುಚ್ಚಳದ ಸದ್ದು ಕೇಳಿಯೇ ಅಲ್ಲಿಂದ ಕೂಗಿದಳು: "ಆಚೆ ಅಂಚು ಮೊದಲು ಎತ್ತಿ!" ನನಗೆ ಸಿಟ್ಟು ಬಂತು. ಗುಪ್ತೋಷ್ಣವನ್ನು ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದಿದ್ದೇನೋ, ಇವಳು ನನಗೆ ಹೇಳಿಕೊಡುವುದೇ ಎಂದು. ಕಡುಬು ಬೆಂದಿದೆಯೇ ಎಂದು ಇಣುಕುವ ಆತುರದಲ್ಲಿ ಮುಚ್ಚಳದ ಈಚೆ ಅಂಚನ್ನು, ನನ್ನ ಕಡೆಯದನ್ನು, ಎತ್ತಿದೆ. ಅದೂ ಒದ್ದೆ ಮಸಿಬಟ್ಟೆಯಲ್ಲಿ ಹಿಡಿದು. ಹಬೆ ನೇರ ಮುಂಗೈಗೆ ಬಂತು. ಮುಖ ಉಳಿದದ್ದು ನಾನು ಎತ್ತರ ಇರುವುದರಿಂದ. ಒದ್ದೆ ಬಟ್ಟೆ ಬೇರೆ ಬೆರಳುಗಳನ್ನು ಬೇಯಿಸಿತು. ಒಣಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ, ಒದ್ದೆಯದರಲ್ಲಿ ನೀರು ಶಾಖವನ್ನು ಹೊತ್ತು ತರುತ್ತದೆ. ಇದೂ ನಾನು ಪಾಠ ಮಾಡಿದ್ದೇ.

ಆವತ್ತಾದರೂ ಶಾಯಿ ಹುಡುಕಲಿಲ್ಲ. ಕೊಳಾಯಿಯ ಕೆಳಗೆ ಕೈಹಿಡಿದು ನಿಂತೆ. ಅವಳು ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು. ಕನ್ನಡಕದ ಹಿಂದೆ ಬೈಯುತ್ತಿದ್ದಳೋ ನಗುತ್ತಿದ್ದಳೋ ಕಾಣಲಿಲ್ಲ. ಒಂದು ವಾರ ಬಿಟ್ಟು, ಬ್ಯಾಂಡೇಜು ಇದ್ದ ಕೈಯನ್ನು ಹಿಂದೆ ಕಟ್ಟಿಕೊಂಡು, ನಿನ್ನ ಆಚೆ ಅಂಚು ಅಂದರೆ ಏನು ತೋರಿಸು ಎಂದೆ.

ಅಪ್ಪೀ, ಈ ಕಾಗದದ ಬಾಕಿ ಎಲ್ಲ ಮರೆತರೂ ಸರಿ, ಇದೊಂದನ್ನು ಕೈಗೆ ರೂಢಿ ಮಾಡಿಸು. ಮುಚ್ಚಿ ಬೇಯಿಸಿದ್ದು ಏನೇ ಇರಲಿ, ಇಡ್ಲಿ ಪಾತ್ರೆ, ಅನ್ನದ ಪಾತ್ರೆ, ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಡಬ್ಬಿ, ಉರಿ ಆರಿಸಿ ಅರ್ಧ ಹೆಜ್ಜೆ ಹಿಂದೆ ನಿಲ್ಲು. ಒಣಬಟ್ಟೆಯಲ್ಲಿ ಮುಚ್ಚಳ ಹಿಡಿದು, ನಿನ್ನಿಂದ ದೂರ ಇರುವ ಗೋಡೆಯ ಕಡೆಯ ಅಂಚನ್ನು ಮೊದಲು ಎತ್ತು, ಈಚೆಯದು ಪಾತ್ರೆಗೆ ತಾಗಿಕೊಂಡೇ ಇರಲಿ. ಮುಚ್ಚಳ ನಿನಗೂ ಹಬೆಗೂ ನಡುವೆ ಗುರಾಣಿಯ ಹಾಗೆ ನಿಲ್ಲುತ್ತದೆ. ಹಬೆ ಗೋಡೆಗೆ ಹೋಗುತ್ತದೆ, ಗೋಡೆಗೆ ಬೊಬ್ಬೆ ಬರುವುದಿಲ್ಲ. ಹತ್ತು ಎಣಿಸು. ಆಮೇಲೆ ಪೂರ್ತಿ ತೆಗೆ. ಅಮ್ಮಮ್ಮ ಎಣಿಸುವುದಿಲ್ಲ, ಅಷ್ಟು ಹೊತ್ತು ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿರುತ್ತಾಳೆ. ಕುಕ್ಕರಿಗೂ ಇದೇ, ವೆಯ್ಟು ತಾನಾಗಿ ಸಡಿಲವಾದ ಮೇಲೆ.

ಹಾಗೂ ತಾಗಿದರೆ ಮೊದಲು ವಾಚು, ಉಂಗುರ, ಕೈಯ ದಾರ ಬಿಚ್ಚು, ಬಾತುಕೊಂಡ ಮೇಲೆ ಬಿಚ್ಚಲಾಗದು. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿ. ಗಡಿಯಾರ ನೋಡಿಕೊಂಡು ಇಪ್ಪತ್ತು, ನಿನ್ನ ಅಂದಾಜಿನ ಇಪ್ಪತ್ತಲ್ಲ. ಒಳಗಿಳಿದ ಶಾಖ ಹೊರಬರಲು ಅಷ್ಟು ಹೊತ್ತು ಬೇಕು. ಐಸು ಬೇಡ, ಪೇಸ್ಟು ಬೇಡ, ಅರಿಶಿನ, ಬೆಣ್ಣೆ ಯಾವುದೂ ಬೇಡ, ಬೊಬ್ಬೆ ಒಡೆಯುವುದಂತೂ ಬೇಡವೇ ಬೇಡ. ಮುಖಕ್ಕೋ ಗಂಟಲಿಗೋ ತಾಗಿ ದನಿ ಒಡೆದಂತಾದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗು.

ಪತ್ರೊಡೆ ಬೆಂದಿತು ಎಂದು ಕಾಣುತ್ತದೆ, ವಾಸನೆ ಇಲ್ಲಿಯ ತನಕ ಬಂತು. ಕಾಗದದಲ್ಲಿ ಏನು ಬರೆದಿದ್ದೀರಿ ಎಂದು ಅಮ್ಮಮ್ಮ ಕೇಳಿದಳು, ಓದಿ ಹೇಳಿದೆ. "ಅಷ್ಟುದ್ದ ಯಾಕೆ, ಆಚೆ ಅಂಚು ಮೊದಲು ಅಂತ ಒಂದು ಸಾಲು ಬರೆದರೆ ಸಾಕಿತ್ತಲ್ಲ" ಎಂದಳು. ಬೋರ್ಡು, ಬ್ಲ್ಯಾಕು, ಹಂದಿ ಎಲ್ಲ ತೆಗೆದುಹಾಕಿದರೆ ಅವಳು ಹೇಳಿದ್ದು ಸರಿಯೇ.

ಮಂಗಳವಾರದ ಬಸ್ಸಿನಲ್ಲಿ ಒಂದು ಕಟ್ಟು ಬರುತ್ತದೆ. ಅದರಲ್ಲಿ ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಉದ್ದನೆಯ ಹಿಡಿಯ ಇಕ್ಕಳ, ಆರು ಒಣಬಟ್ಟೆಗಳು ಇವೆ. ಬಟ್ಟೆ ನನ್ನ ಹಳೆಯ ಪಂಚೆಯದು, ರೂಮಿನ ಹುಡುಗರು ನಕ್ಕರೆ ನಗಲಿ, ಒದ್ದೆ ಮಾತ್ರ ಮಾಡಬೇಡಿ. ಕೈಯ ಇನ್ನೊಂದು ಫೋಟೋ ಕಳಿಸು. ಹೋದ ಸಲದ ಹಾಗೆ ಟ್ಯೂಬ್‌ಲೈಟಿನ ಕೆಳಗೆ ಬೇಡ, ಕಿಟಕಿಯ ಹತ್ತಿರ ನಿಂತು ಹಗಲು ಬೆಳಕಿನಲ್ಲಿ ತೆಗೆ.

ಇಂತಿ,
ನಿನ್ನ ಅಜ್ಜ